ಮುಂದಿನ ವಾರಕ್ಕೆ

ಅಮ್ಮನ ಟ್ರಂಕಿನ ತಳದಲ್ಲಿ ಕಂದು ಕ್ಯಾಲಿಕೋ ಹೊದಿಸಿದ ಒಂದು ದಪ್ಪ ಪುಸ್ತಕವಿದೆ. ಅಂಗಡಿಯಲ್ಲಿ ಕೊಂಡದ್ದಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಕನ್ನಡದ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯ ಹಾಳೆಗಳನ್ನು ಅವಳು ವಾರವಾರವೂ ಪಿನ್ನು ಸಡಿಲಿಸಿ ಬಿಡಿಸಿಟ್ಟುಕೊಂಡು, ಕೊನೆಯ ಕಂತು ಬಂದ ಮೇಲೆ ಬೈಂಡಿಂಗ್ ಮಾಡುವವರಿಗೆ ಕೊಟ್ಟು ಹೊಲಿಸಿದ್ದು. ಹೊಲಿದಾತ ಅಂಚು ಸಮಮಾಡುವ ಭರದಲ್ಲಿ ಕತ್ತಿಯನ್ನು ತುಸು ಒಳಕ್ಕೇ ಓಡಿಸಿದ್ದರಿಂದ ಎಷ್ಟೋ ಪುಟಗಳ ಕೊನೆಯ ಸಾಲು ಅಡ್ಡಡ್ಡ ಸೀಳಿಹೋಗಿದೆ. ಅಕ್ಷರಗಳ ತಲೆಕಟ್ಟು ಉಳಿದಿದೆ, ಒತ್ತಕ್ಷರ ಹೋಗಿದೆ. ಹನ್ನೆರಡನೆಯ ವಯಸ್ಸಿನಲ್ಲಿ ನಾನು ಅದನ್ನು ಮೊದಲ ಸಲ ಓದಿದಾಗ ನಾಯಕಿಗೆ ಬಂದ ಕಾಗದದ ಮುಖ್ಯ ಮಾತು ಅಂಥದ್ದೊಂದು ಸೀಳಿದ ಸಾಲಿನಲ್ಲೇ ಸಿಕ್ಕಿಕೊಂಡಿತ್ತು. ತಲೆಕಟ್ಟುಗಳನ್ನು ನೋಡಿ ಪದ ಊಹಿಸುತ್ತಾ ಕೂತಿದ್ದು ನೆನಪಿದೆ. ಪದಬಂಧ ಬಿಡಿಸುವುದಕ್ಕಿಂತ ಅದು ಕಷ್ಟದ ಕೆಲಸ.

ಈಚೆಗೆ ಮನೆ ಬದಲಿಸುವಾಗ ಆ ಪುಸ್ತಕ ಮತ್ತೆ ಕೈಗೆ ಬಂತು. ಈ ಸಲ ನಾನು ಓದಿದ್ದು ಕಥೆಯನ್ನಲ್ಲ, ಹಾಳೆಗಳ ಹಿಂಬದಿಯನ್ನು. ಅಮ್ಮ ಕಾಪಾಡಿದ್ದು ಕಾದಂಬರಿಯನ್ನಾದರೂ ಅದರ ಬೆನ್ನಿಗಂಟಿಕೊಂಡು ಪತ್ರಿಕೆಯೂ ಅರ್ಧಂಬರ್ಧ ಉಳಿದುಕೊಂಡಿತ್ತು. ಯಾವುದೋ ಕಾಲುವೆ ಕಾಮಗಾರಿಯ ಬಗೆಗಿನ ನುಡಿಚಿತ್ರದ ಎರಡನೆಯ ಪುಟ ಅಲ್ಲಿದೆ. ಮೊದಲನೆಯದೂ ಇಲ್ಲ, ಮೂರನೆಯದೂ ಇಲ್ಲ. ಕೂದಲೆಣ್ಣೆಯ ಜಾಹೀರಾತಿನ ಪಕ್ಕದಲ್ಲಿ ಮಾವಿನ ಮಿಡಿಯ ಉಪ್ಪಿನಕಾಯಿಯ ವಿಧಾನ, ಅದರ ಕೆಳಗೆ ಇರಾನಿನ ಷಾ ದೇಶ ಬಿಟ್ಟು ಹೊರಟ ಸುದ್ದಿ. ಹಾಗಾದರೆ ಅದು 1979ರ ಆರಂಭದ ಸಂಚಿಕೆಯಿರಬೇಕು. ವಾರಭವಿಷ್ಯದ ಪುಟದಲ್ಲಿ ಕನ್ಯಾ ರಾಶಿಯವರೆಗೆ ಮಾತ್ರ ಫಲವಿದೆ. ತುಲಾದಿಂದ ಮುಂದಿನವರು ಏನಾದರೋ ತಿಳಿಯುವಂತಿಲ್ಲ. ಒಂದೇ ಪಿನ್ನಿನ ಕೆಳಗೆ ಟೆಹರಾನೂ ಮಾವಿನ ಮಿಡಿಯೂ ಕೂಡಿಕೊಂಡು ಬಂದದ್ದೇ ವಾರಪತ್ರಿಕೆಯೆಂಬ ವಸ್ತುವಿನ ಗುಟ್ಟು ಎಂದು ಅಂದಿನಿಂದ ನನಗೆ ಅನ್ನಿಸುತ್ತಿದೆ. ಸುದ್ದಿ ಮತ್ತು ಮನೆವಾರ್ತೆಯನ್ನು ಬೇರೆ ಬೇರೆ ಮಾಡದೆ ಇದ್ದಷ್ಟು ಕಾಲ ಅದು ಬಾಳಿತು. ಅವೆರಡನ್ನೂ ಬಿಡಿಬಿಡಿಯಾಗಿ ಕೊಡುವವರು ಬಂದಾಗ ಸೊರಗಿತು.

ಈ ಕೂಡಾಟ ಕನ್ನಡ ಪತ್ರಿಕೆಗೆ ಹುಟ್ಟಿನಿಂದಲೇ ಬಂದದ್ದು. ನಮ್ಮ ಮೊದಲ ಪತ್ರಿಕೆ ದಿನಪತ್ರಿಕೆಯಾಗಿರಲಿಲ್ಲ ಎಂಬುದನ್ನು ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುವಾಗಲೂ ನಾವು ಮರೆತಿರುತ್ತೇವೆ. 1843ರ ಆ ದಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ತೆಗೆದ ‘ಮಂಗಳೂರ ಸಮಾಚಾರ’ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಊರ ವರ್ತಮಾನ, ಸರಕಾರದ ನಿರೂಪ, ಬೇರೆ ರಾಜ್ಯಗಳ ಸಮಾಚಾರ, ಇವುಗಳ ಜೊತೆಗೇ ಕಥೆ ಮತ್ತು ಬುದ್ಧಿಮಾತು ಅದರಲ್ಲಿರುತ್ತಿದ್ದವು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಹೆಚ್ಚು ಕಾಲ ನಡೆಯಲಿಲ್ಲ. ಆದರೆ ವರ್ತಮಾನದ ಪಕ್ಕದಲ್ಲಿ ಕಥೆ ಇರಬೇಕೆಂಬ ಪದ್ಧತಿ ಮಾತ್ರ ನಿಂತುಬಿಟ್ಟಿತು.

ವಾರಪತ್ರಿಕೆಗೆ ಚಳವಳಿಯ ಕಾವು ಹತ್ತಿದ್ದು 1921ರಲ್ಲಿ, ಅಸಹಕಾರದ ದಿನಗಳಲ್ಲಿ, ರಂಗನಾಥ ದಿವಾಕರರು ಧಾರವಾಡದಲ್ಲಿ ‘ಕರ್ಮವೀರ’ವನ್ನು ಆರಂಭಿಸಿದಾಗ. ಆಗಿನ ಸಂಪಾದಕರಿಗೆ ಜೈಲು ಎಂಬುದು ಉದ್ಯೋಗದ ಒಂದು ಭಾಗವೇ ಆಗಿತ್ತು. ಪತ್ರಿಕೆ ಆರಂಭಿಸಿ ಸರಕಾರದ ಕಣ್ಣಿಗೆ ಬಿದ್ದ ಅದೇ ದಿವಾಕರರು ಸ್ವಾತಂತ್ರ್ಯಾನಂತರ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದದ್ದು ಚರಿತ್ರೆಯ ಒಂದು ಮುಗುಳ್ನಗೆ. ‘ಕರ್ಮವೀರ’ ಮುಂದೆ ಲೋಕಶಿಕ್ಷಣ ಟ್ರಸ್ಟಿನ ಆಸರೆಯಲ್ಲಿ ‘ಸಂಯುಕ್ತ ಕರ್ನಾಟಕ’ದ ಒಡಹುಟ್ಟಾಗಿ ಹುಬ್ಬಳ್ಳಿಯಿಂದ ಬರತೊಡಗಿತು, ಚಳವಳಿಯ ಕಾವು ಆರಿದ ಮೇಲೆ ನಿಧಾನವಾಗಿ ಮನೆಮಂದಿಯ ಪತ್ರಿಕೆಯಾಯಿತು. ಕೆಲವರು ಇದನ್ನು ಇಳಿಜಾರು ಎಂದು ಕರೆಯುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಸ್ವರಾಜ್ಯ ಬಂದ ಮೇಲೂ ಅದೇ ದನಿಯಲ್ಲಿ ಕೂಗುತ್ತಿರುವ ಪತ್ರಿಕೆಯನ್ನು ಕೊಂಡು ಓದುವವರು ಯಾರು?

1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ಓದುವವರು ಮುಂಬೈ ಪ್ರಾಂತ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು ಎಂಬುದನ್ನು ನೆನೆದರೆ ವಾರಪತ್ರಿಕೆಗಳು ಮಾಡಿದ ಇನ್ನೊಂದು ಕೆಲಸ ಕಾಣುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕೋದ್ಯಮ ಓದಿ ಬಂದ ಪಾಟೀಲ ಪುಟ್ಟಪ್ಪನವರು 1954ರಲ್ಲಿ ಹುಬ್ಬಳ್ಳಿಯಿಂದ ತಂದ ‘ಪ್ರಪಂಚ’ದ ಹೆಸರೇ ಅದರ ಹಂಬಲವನ್ನು ಹೇಳುತ್ತದೆ. ಒಂದು ಊರಿನ ದಿನಪತ್ರಿಕೆ ಇನ್ನೊಂದು ಊರು ತಲುಪುವ ಹೊತ್ತಿಗೆ ಹಳಸಿರುತ್ತಿದ್ದ ಕಾಲದಲ್ಲಿ, ಒಂದು ವಾರದ ಬಾಳಿಕೆಯಿದ್ದ ಪತ್ರಿಕೆಗೆ ಮಾತ್ರ ಬೀದರಿನಿಂದ ಮಡಿಕೇರಿಯವರೆಗೆ ಹಳಸದೆ ಹೋಗುವುದು ಸಾಧ್ಯವಿತ್ತು. ಧಾರವಾಡದವರು ಮೈಸೂರಿನವರ ಕನ್ನಡವನ್ನೂ ಮೈಸೂರಿನವರು ಕರಾವಳಿಯವರ ಕನ್ನಡವನ್ನೂ ಮುಖ ಸಿಂಡರಿಸದೆ ಓದಲು ಕಲಿತದ್ದು ಬಹುಮಟ್ಟಿಗೆ ಕಥೆ-ಕಾದಂಬರಿಗಳ ಸಂಭಾಷಣೆಯಲ್ಲಿ, ಅಂದರೆ ಈ ಪತ್ರಿಕೆಗಳ ಪುಟಗಳಲ್ಲಿ.

ಇವೆಲ್ಲ ಸೇರಿ ಒಂದು ಹದಕ್ಕೆ ಬಂದದ್ದು 1965ರಲ್ಲಿ ಬೆಂಗಳೂರಿನಿಂದ ‘ಸುಧಾ’ ಹೊರಟಾಗ. ಅಬಕಾರಿ ವ್ಯವಹಾರದಿಂದ ಬಂದ ಕೆ.ಎನ್. ಗುರುಸ್ವಾಮಿಯವರು 1948ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ‘ಡೆಕ್ಕನ್ ಹೆರಾಲ್ಡ್’ ಮತ್ತು ‘ಪ್ರಜಾವಾಣಿ’ಗಳನ್ನು ಆರಂಭಿಸಿದ್ದರು. ಹದಿನೇಳು ವರ್ಷ ದಿನಪತ್ರಿಕೆ ನಡೆಸಿ ಕಟ್ಟಿಕೊಂಡಿದ್ದ ಏಜೆಂಟರ ಜಾಲ, ಮುದ್ರಣಾಲಯ, ಕಲಾವಿದರು ಎಲ್ಲವೂ ವಾರಪತ್ರಿಕೆಗೆ ಹುಟ್ಟುವಾಗಲೇ ಸಿಕ್ಕವು. ಒಬ್ಬ ಸಾಹಸಿ ಸಂಪಾದಕ ಕೈಯಿಂದ ಹಣ ಹಾಕಿ ಸಾಲ ಮಾಡಿ ನಡೆಸುವ ಪತ್ರಿಕೆಗೂ ಹೀಗೆ ಬೆನ್ನೆಲುಬಿನೊಡನೆ ಹುಟ್ಟಿದ ಪತ್ರಿಕೆಗೂ ವ್ಯತ್ಯಾಸವಿತ್ತು. ಇದರಲ್ಲಿ ಎಲ್ಲರಿಗೂ ಒಂದು ಪುಟವಿತ್ತು. ಅಜ್ಜನಿಗೆ ಎಚ್ಚೆಸ್ಕೆಯವರ ‘ವಾರದಿಂದ ವಾರಕ್ಕೆ’ ಅಂಕಣ, ಅಮ್ಮನಿಗೆ ಧಾರಾವಾಹಿ, ಮಕ್ಕಳಿಗೆ ಚಿತ್ರಕಥೆ, ಕಾಲೇಜಿಗೆ ಹೋಗುವವರಿಗೆ ಸಿನಿಮಾ. ಮನೆಗೆ ಪತ್ರಿಕೆ ಬಂದ ದಿನ ಅದನ್ನು ಮೊದಲು ಯಾರು ಹಿಡಿಯಬೇಕೆಂಬ ಜಗಳ ಎಷ್ಟೋ ಮನೆಗಳಲ್ಲಿ ಒಂದು ಕ್ರಮವಾಗಿ ಗಟ್ಟಿಯಾಯಿತು. ನಮ್ಮ ಮನೆಯಲ್ಲಿ ಅಡುಗೆ ಮುಗಿಯುವವರೆಗೆ ಅಮ್ಮನ ಪಾಳಿ ಬರುತ್ತಿರಲಿಲ್ಲ, ಆದರೆ ಒಮ್ಮೆ ಬಂದ ಮೇಲೆ ಮರುದಿನದವರೆಗೆ ಬೇರೆ ಯಾರಿಗೂ ಸಿಗುತ್ತಿರಲಿಲ್ಲ.

ಧಾರಾವಾಹಿಗಳ ಬಗ್ಗೆ ಮಾತಾಡುವವರು ಚಿತ್ರಗಳನ್ನು ಮರೆಯುತ್ತಾರೆ. ಜಿ.ಕೆ. ಸತ್ಯ, ಚಂದ್ರನಾಥ ಆಚಾರ್ಯರಂಥ ಕಲಾವಿದರ ಗೆರೆಗಳು ‘ಪ್ರಜಾವಾಣಿ’ ಬಳಗದ ಪತ್ರಿಕೆಗಳ ಕಥೆಗಳಿಗೆ ಕೊಟ್ಟ ಮುಖಗಳೇ ಓದುಗರ ತಲೆಯಲ್ಲಿ ಪಾತ್ರಗಳ ಮುಖಗಳಾಗಿ ಉಳಿದವು. ಅಮ್ಮನ ಪುಸ್ತಕದಲ್ಲಿ ನಾಯಕಿ ಕಿಟಕಿಯ ಸರಳು ಹಿಡಿದು ನಿಂತ ಒಂದು ಚಿತ್ರವಿದೆ. ಕಾದಂಬರಿಯ ಸಾಲುಗಳಲ್ಲಿ ಎಲ್ಲೂ ಕಿಟಕಿಯ ಪ್ರಸ್ತಾಪವಿಲ್ಲ. ಆದರೂ ಅಮ್ಮನನ್ನು ಕೇಳಿದರೆ “ಕಿಟಕಿ ಹತ್ರ ನಿಂತು ಅಳ್ತಾಳಲ್ಲ, ಆ ಕಥೆ” ಎಂದೇ ಗುರುತು ಹೇಳುತ್ತಾಳೆ.

ಓದುಗರಿಗೆ ಪತ್ರಿಕೆ ವಾರಕ್ಕೊಂದು ಸಲ ಬಂದರೂ ಕಚೇರಿಯಲ್ಲಿ ಒಂದೇ ಸಮಯಕ್ಕೆ ಮೂರು ವಾರಗಳ ಕೆಲಸ ನಡೆಯುತ್ತಿರುತ್ತದೆ. ದೊಡ್ಡ ಕಾಗದದ ಹಾಳೆಯ ಮೇಲೆ ಒಟ್ಟಿಗೆ ಅಚ್ಚಾಗಿ ಆಮೇಲೆ ಮಡಿಕೆಯಾಗುವ ಪುಟಗಳ ಗುಂಪಿಗೆ ಫರ್ಮಾ ಎನ್ನುತ್ತಾರೆ. ಕಥೆ, ಧಾರಾವಾಹಿ, ಅಡುಗೆ, ಮಕ್ಕಳ ಪುಟ ಇವೆಲ್ಲ ಮೊದಲ ಫರ್ಮಾಗಳಲ್ಲಿ ಬೇಗ ಅಚ್ಚಾಗಿ ಕಾಯುತ್ತಿರುತ್ತವೆ. ಸುದ್ದಿಗೆ ಸಂಬಂಧಿಸಿದ ಬರಹಗಳಿಗೆ ಕೊನೆಯ ಫರ್ಮಾ ಮೀಸಲು. ಆ ಕೊನೆಯ ಫರ್ಮಾ ಯಂತ್ರಕ್ಕೆ ಹೋದ ಮೇಲೆ ಮಂತ್ರಿಮಂಡಲ ಉರುಳಿದರೂ ಆ ವಾರ ಮಾಡುವಂಥದ್ದೇನೂ ಇರುವುದಿಲ್ಲ. ಹೀಗಾಗಿ ಒಳ್ಳೆಯ ವಾರಪತ್ರಿಕೆಯ ಸಂಪಾದಕ ಏನಾಯಿತು ಎಂದು ಬರೆಸುತ್ತಿರಲಿಲ್ಲ, ಅದು ದಿನಪತ್ರಿಕೆಯಲ್ಲಿ ಬಂದಾಗಿರುತ್ತಿತ್ತು. ಯಾಕಾಯಿತು, ಅದರ ಹಿಂದೆ ಯಾರಿದ್ದಾರೆ, ಇನ್ನೇನಾದೀತು ಎಂದು ಬರೆಸುತ್ತಿದ್ದ. ತಡವಾಗಿ ಬರುವವನು ಹೆಚ್ಚು ತಿಳಿದುಕೊಂಡು ಬರಲೇಬೇಕಲ್ಲ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ದಿನಗಳಲ್ಲಿ ಕನ್ನಡಕ್ಕೆ ತನ್ನದೇ ಆದ ತಾಪತ್ರಯವಿತ್ತು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಬಗೆಯ ಮೊಳೆಗಳ ಮನೆಗಳಿಂದ ಒಂದೊಂದನ್ನೇ ಆಯ್ದು ಜೋಡಿಸಬೇಕಿತ್ತು, ಫೋಟೊ ಬೇಕೆಂದರೆ ಸತುವಿನ ಬ್ಲಾಕ್ ಮಾಡಿಸಬೇಕಿತ್ತು, ಬ್ಲಾಕು ದುಬಾರಿಯಾದ್ದರಿಂದ ಒಮ್ಮೆ ಮಾಡಿಸಿದ್ದನ್ನು ಜೋಪಾನವಾಗಿ ಇಟ್ಟುಕೊಂಡು ಮತ್ತೆ ಮತ್ತೆ ಬಳಸಬೇಕಿತ್ತು. ಹಳೆಯ ಸಂಚಿಕೆಗಳಲ್ಲಿ ಒಬ್ಬ ರಾಜಕಾರಣಿ ಹತ್ತು ವರ್ಷ ಒಂದೇ ಕೋನದಲ್ಲಿ ನಗುತ್ತಿರುವುದಕ್ಕೆ ಕಾರಣ ಇಷ್ಟೇ. ಪುಟದ ಕೊನೆಯಲ್ಲಿ ಎರಡಂಗುಲ ಜಾಗ ಉಳಿದರೆ ತುಂಬಲು ಹನಿಗವನ, ನಗೆಹನಿ, ಗಾದೆ ಸಿದ್ಧವಿರುತ್ತಿದ್ದವು. ಹನಿಗವನವೆಂಬ ಪ್ರಕಾರ ನಮ್ಮಲ್ಲಿ ಅಷ್ಟು ಹುಲುಸಾಗಿ ಬೆಳೆದದ್ದರಲ್ಲಿ ಪುಟ ಕಟ್ಟುವವರ ಈ ಎರಡಂಗುಲದ ಪಾಲು ಸಣ್ಣದಲ್ಲವೆಂದು ನನ್ನ ಗುಮಾನಿ.

ಎಂಬತ್ತರ ದಶಕದ ಆರಂಭದಲ್ಲಿ ಮೂರು ವರ್ಷಗಳ ಅಂತರದಲ್ಲಿ ಒಂದಕ್ಕೊಂದು ಪೂರ್ತಿ ವಿರುದ್ಧವಾದ ಎರಡು ವಾರಪತ್ರಿಕೆಗಳು ಬಂದವು. 1980ರಲ್ಲಿ ಪಿ. ಲಂಕೇಶ್ ತಮ್ಮ ಹೆಸರನ್ನೇ ಇಟ್ಟು ತಂದ ಪತ್ರಿಕೆ ಕಪ್ಪುಬಿಳುಪಿನ ಟ್ಯಾಬ್ಲಾಯ್ಡ್. ಜಾಹೀರಾತಿಲ್ಲ, ನುಣುಪು ಕಾಗದವಿಲ್ಲ, ಬಣ್ಣವಿಲ್ಲ. ಓದುಗ ಕೊಟ್ಟ ಕಾಸಿನಲ್ಲೇ ಬದುಕುವುದು ಅದರ ಛಲ. ‘ಜಾಣ ಜಾಣೆಯರ ಪತ್ರಿಕೆ’ ಎಂದು ಕರೆದುಕೊಂಡು, ಅಂದಿನ ಗುಂಡೂರಾವ್ ಸರಕಾರವನ್ನು ವಾರವಾರವೂ ಅದು ಕುಟುಕಿದ ರೀತಿ ಬಸ್‌ಸ್ಟ್ಯಾಂಡಿನ ಮಾತಿನ ಧಾಟಿಯನ್ನೇ ಬದಲಿಸಿತು. ಅದರ ಭಾಷೆ ಕೆಲವೊಮ್ಮೆ ಹದ ಮೀರುತ್ತಿತ್ತು ಎಂಬ ದೂರು ಆಗಲೂ ಇತ್ತು, ಅದರಲ್ಲಿ ಹುರುಳೂ ಇತ್ತು; ಅದನ್ನು ನಕಲು ಮಾಡಿದವರು ಹದ ಮೀರುವುದನ್ನು ಮಾತ್ರ ಕಲಿತರು.

ಲಂಕೇಶರ ನಿಜವಾದ ಸಾಧನೆ ಮಂತ್ರಿಗಳಿಗೆ ಅಡ್ಡಹೆಸರಿಟ್ಟದ್ದಲ್ಲ, ಅಲ್ಲಿಯವರೆಗೆ ಪತ್ರಿಕೆಗಳಿಗೆ ಬರೆಯದಿದ್ದವರಿಂದ ಬರೆಸಿದ್ದು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಪುಸ್ತಕವಾಗುವ ಮೊದಲು ಓದುಗರನ್ನು ಮುಟ್ಟಿದ್ದು ಆ ಪತ್ರಿಕೆಯ ಧಾರಾವಾಹಿಯಾಗಿ. ಹಾಸನದ ಬಾನು ಮುಷ್ತಾಕ್ ಎಂಬತ್ತರ ದಶಕದಲ್ಲಿ ಅದೇ ಪತ್ರಿಕೆಗೆ ವರದಿ ಮಾಡುತ್ತಿದ್ದರು. ಅದಕ್ಕೂ ಮೊದಲು ಅವರ ಮೊದಲ ಕಥೆ ಅಚ್ಚಾದದ್ದು ‘ಪ್ರಜಾಮತ’ದಲ್ಲಿ, ಮನೆಮನೆಗೆ ಹೋಗುತ್ತಿದ್ದ ಇನ್ನೊಂದು ಜನಪ್ರಿಯ ಪತ್ರಿಕೆಯಲ್ಲಿ. 2025ರಲ್ಲಿ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾಡೆಲ್ಲ ಸಂಭ್ರಮಿಸಿತು. ಆ ಸಂಭ್ರಮದ ನಡುವೆ ಯಾರಾದರೂ ‘ಪ್ರಜಾಮತ’ದ ಹೆಸರೆತ್ತಿಯಾರೇ ಎಂದು ನಾನು ಕಾದೆ. ಎತ್ತಿದವರು ಕಡಿಮೆ. ಹೊಸಬರ ಕಥೆಯನ್ನು ಅಂಚೆಯಲ್ಲಿ ಬಿಡಿಸಿ ನೋಡಿ, ಚಿತ್ರ ಬರೆಸಿ, ಅಡುಗೆ ಪುಟಕ್ಕೂ ಸಿನಿಮಾ ಪುಟಕ್ಕೂ ನಡುವೆ ಅಚ್ಚುಹಾಕುವ ಒಂದು ಜಾಗವಿತ್ತೆಂಬುದು ಸಾಹಿತ್ಯ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾಗಿಯೂ ಬರುವುದಿಲ್ಲ.

ಎರಡನೆಯದು 1983ರಲ್ಲಿ ಮಣಿಪಾಲದಿಂದ ಬಂದ ‘ತರಂಗ’. 1970ರ ಜನವರಿ 1ರಂದು ಆರಂಭವಾದ ‘ಉದಯವಾಣಿ’ ಆಗಲೇ ಅಚ್ಚಿನ ಅಂದಕ್ಕೆ ಹೆಸರಾಗಿತ್ತು. ಅದೇ ಕೈಗಳಿಂದ ಬಂದ ವಾರಪತ್ರಿಕೆಯ ಬಣ್ಣ ಬೇರೆಯದೇ ಆಗಿತ್ತು. ಸಂತೋಷಕುಮಾರ ಗುಲ್ವಾಡಿಯವರ ಸಂಪಾದಕತ್ವದಲ್ಲಿ ಕರಾವಳಿಯ ಯಕ್ಷಗಾನ, ಭೂತಾರಾಧನೆ, ಸಮುದ್ರ, ಮುಂಬೈ ಹೋಟೆಲುಗಳ ಕನ್ನಡಿಗರ ಬದುಕು ರಾಜ್ಯದ ಒಳನಾಡಿನ ಮನೆಗಳಿಗೆ ಬಂದವು. ನಮ್ಮ ಬಯಲುಸೀಮೆಯ ಮನೆಯಲ್ಲಿ ಭೂತಕೋಲದ ಮುಖವರ್ಣಿಕೆಯನ್ನು ಮೊದಲು ಕಂಡದ್ದು ಅದರ ನಡುಪುಟದಲ್ಲೇ. ಆ ನಡುಪುಟ ಆಮೇಲೆ ನನ್ನ ವಿಜ್ಞಾನದ ನೋಟುಬುಕ್ಕಿಗೆ ರಟ್ಟಿನ ಹೊದಿಕೆಯಾಯಿತು. ಪತ್ರಿಕೆಯ ಬಾಳು ಹೀಗೆ ವಾರಕ್ಕೆ ಮುಗಿಯುತ್ತಿರಲಿಲ್ಲ: ಓದಿದ ಮೇಲೆ ಪಕ್ಕದ ಮನೆ, ಅಲ್ಲಿಂದ ಕ್ಷೌರದಂಗಡಿಯ ಬೆಂಚು, ಆಮೇಲೆ ನೋಟುಬುಕ್ಕಿನ ಹೊದಿಕೆ, ಕೊನೆಗೆ ಕಡಲೆಕಾಯಿಯ ಪೊಟ್ಟಣ. ಒಂದೊಂದು ಪ್ರತಿಯನ್ನು ಎಷ್ಟು ಜನ ಓದುತ್ತಿದ್ದರೆಂಬ ಲೆಕ್ಕವನ್ನು ಪ್ರಸಾರ ಸಂಖ್ಯೆಯಿಂದ ಹಿಡಿಯಲಾಗುವುದಿಲ್ಲ.

ಇಳಿಗಾಲ ಯಾವಾಗ ಆರಂಭವಾಯಿತು? ಟೀವಿ ಬಂತು, ಪತ್ರಿಕೆ ಸೋತಿತು ಎಂಬ ಉತ್ತರ ಸುಲಭ, ಅರ್ಧ ಸರಿ. ‘ಧಾರಾವಾಹಿ’ ಎಂಬ ಪದವನ್ನೇ ನೋಡಿ. ನನ್ನ ಅಮ್ಮನ ತಲೆಮಾರಿಗೆ ಅದು ಕಾಗದದ ಮೇಲಿನ ವಸ್ತು. “ಇಲ್ಲಿಯವರೆಗೆ” ಎಂದು ಆರಂಭವಾಗಿ “ಮುಂದುವರಿಯುವುದು” ಎಂದು ಮುಗಿಯುವಂಥದ್ದು. ಇಂದು ಯಾವ ಮಗುವನ್ನು ಕೇಳಿದರೂ ಅದು ಟೀವಿಯಲ್ಲಿ ಬರುವುದು. 1994ರಲ್ಲಿ ‘ಉದಯ ಟೀವಿ’ ಕನ್ನಡದ ಮೊದಲ ಖಾಸಗಿ ವಾಹಿನಿಯಾಗಿ ಬಂದ ನಂತರದ ಕೆಲವೇ ವರ್ಷಗಳಲ್ಲಿ ಪದ ತನ್ನ ಮನೆ ಬದಲಿಸಿತು, ಪದದ ಹಿಂದೆ ಓದುಗಿಯರೂ ಹೋದರು. ವಾರವಿಡೀ ಕಾಯುತ್ತಿದ್ದವರಿಗೆ ಈಗ ದಿನಕ್ಕೊಂದು ಕಂತು ಸಿಗತೊಡಗಿತು. ವಾರಭವಿಷ್ಯ ಬೆಳಗಿನ ವಾಹಿನಿಗಳ ಜ್ಯೋತಿಷಿಗಳ ಪಾಲಾಯಿತು, ಸಿನಿಮಾ ಸುದ್ದಿಯೂ ಅಡುಗೆಯೂ ಒಂದರ ಹಿಂದೊಂದು ಅದೇ ದಾರಿ ಹಿಡಿದವು.

ಆದರೆ ಉಳಿದರ್ಧ ಉತ್ತರವನ್ನು ಪತ್ರಿಕೆಯವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ವಾರಪತ್ರಿಕೆಯ ತಟ್ಟೆಗೆ ಕೈಹಾಕಿದ್ದು ಅದರ ಅಕ್ಕನೇ, ಅಂದರೆ ದಿನಪತ್ರಿಕೆ. ಭಾನುವಾರದ ಸಾಪ್ತಾಹಿಕ ಪುರವಣಿ ಹಿಂದಿನಿಂದಲೂ ಇತ್ತು. ತೊಂಬತ್ತರ ದಶಕದ ಕೊನೆಗೆ ಪುರವಣಿ ವಾರದ ಎಲ್ಲ ದಿನಗಳಿಗೂ ಹಬ್ಬಿತು. ಒಂದು ದಿನ ಸಿನಿಮಾ, ಒಂದು ದಿನ ಮಹಿಳೆ, ಒಂದು ದಿನ ಕೃಷಿ, ಒಂದು ದಿನ ಶಿಕ್ಷಣ, ಅದೂ ಬಣ್ಣದಲ್ಲಿ, ಬೇರೆ ಕಾಸಿಲ್ಲದೆ. 1999ರಲ್ಲಿ ‘ವಿಜಯ ಕರ್ನಾಟಕ’ ಬಂದು ದಿನಪತ್ರಿಕೆಗಳ ನಡುವೆ ಬೆಲೆಯ ಸಮರ ಶುರುವಾದ ಮೇಲೆ ಒಂದು ವಾರಪತ್ರಿಕೆಯ ಬೆಲೆಗೆ ಹಲವು ದಿನಗಳ ದಿನಪತ್ರಿಕೆ ಪುರವಣಿಸಹಿತ ಬರುವಂತಾಯಿತು. ಮನೆಯೊಡತಿ ಲೆಕ್ಕ ಹಾಕದೆ ಇರುತ್ತಾಳೆಯೆ? ಪುರವಣಿಗೆ ಬರೆಯುತ್ತಿದ್ದವರು ಅನೇಕ ಸಲ ವಾರಪತ್ರಿಕೆಗೆ ಬರೆಯುತ್ತಿದ್ದವರೇ.

ದೇಶದ ಉಳಿದೆಡೆಯ ಕಥೆಯೂ ಹೆಚ್ಚು ಕಡಿಮೆ ಇದೇ. ಟೈಮ್ಸ್ ಆಫ್ ಇಂಡಿಯಾ ಬಳಗದ ‘ಇಲ್ಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ’, ಖುಷ್ವಂತ್ ಸಿಂಗ್ ಕಾಲದಲ್ಲಿ ಏರಿದ್ದ ಪ್ರಸಾರವನ್ನು ಕಂಡಿದ್ದ, ಅವರ ನಂತರ ಉಡುಪಿಯ ಎಂ.ವಿ. ಕಾಮತ್ ಸಂಪಾದಿಸಿದ ಪತ್ರಿಕೆ, 1993ರಲ್ಲಿ ನಿಂತಿತು. ತಮಿಳಿನ ‘ಕಲ್ಕಿ’ 2020ರ ಸೋಂಕಿನ ವರ್ಷದಲ್ಲಿ ಅಚ್ಚು ನಿಲ್ಲಿಸಿ ಅಂತರ್ಜಾಲಕ್ಕೆ ಸರಿಯಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಕೇಂದ್ರ ಸರಕಾರ ಆಮದು ಮುದ್ರಣ ಕಾಗದದ ಮೇಲೆ ಶೇ 10ರ ಸುಂಕ ಹಾಕಿತ್ತು. ಆಮೇಲೆ ಅದನ್ನು ಶೇ 5ಕ್ಕೆ ಇಳಿಸಿತು. ‘ಸುಧಾ’, ‘ತರಂಗ’ ಇಂದಿಗೂ ಬರುತ್ತಿವೆ. ಸುಂಕ, ಸೋಂಕು, ಸ್ಮಾರ್ಟ್‌ಫೋನು ಮೂರನ್ನೂ ದಾಟಿ ಅವು ಬರುತ್ತಿರುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಮ್ಮ ಬೀದಿಯ ಪತ್ರಿಕೆ ಅಂಗಡಿಯಲ್ಲಿ ಅವು ಈಗ ಹಗ್ಗಕ್ಕೆ ನೇತಾಡುವುದಿಲ್ಲ. ಕೇಳಿದರೆ ಕೆಳಗಿನ ಕಟ್ಟಿನಿಂದ ತೆಗೆದುಕೊಡುತ್ತಾರೆ.

ಬಿಡಿಬಿಡಿಯಾಗಿ ನೋಡಿದರೆ ಏನೂ ಕಳೆದುಹೋಗಿಲ್ಲ ಎಂದು ವಾದಿಸುವ ಗೆಳೆಯನೊಬ್ಬನಿದ್ದಾನೆ. ಕಥೆ ಬೇಕಾದವರಿಗೆ ಕಥೆಯ ಆ್ಯಪ್, ಅಡುಗೆಗೆ ಯೂಟ್ಯೂಬ್, ರಾಜಕೀಯಕ್ಕೆ ಪಾಡ್‌ಕಾಸ್ಟ್, ಎಲ್ಲವೂ ಮೊದಲಿಗಿಂತ ಹೆಚ್ಚೇ ಇದೆ ಎನ್ನುತ್ತಾನೆ. ಅವನ ಮಾತು ತಪ್ಪಲ್ಲ. ನಾನು ಅವನ ಮುಂದೆ ಅಮ್ಮನ ಪುಸ್ತಕದ ಆ ಉಪ್ಪಿನಕಾಯಿಯ ಪುಟವನ್ನು ಹಿಡಿದೆ. ಟೆಹರಾನಿನ ಸುದ್ದಿಯನ್ನು ಅಮ್ಮ ಹುಡುಕಿಕೊಂಡು ಹೋಗಿ ಓದಿದವಳಲ್ಲ. ಮಿಡಿಗೆ ಎಷ್ಟು ಸಾಸಿವೆ ಎಂದು ನೋಡುತ್ತಾ ಕಣ್ಣು ಕೆಳಕ್ಕೆ ಜಾರಿದಾಗ ಓದಿದವಳು. ಇರಾನಿನ ಷಾ ಯಾರೆಂದು ಅವಳಿಗೆ ಇಂದಿಗೂ ಗೊತ್ತು. ಬೇಡವೆಂದವರ ಕಣ್ಣಿಗೂ ಬೀಳುವ ಸುದ್ದಿಯನ್ನು ಯಾವ ಆ್ಯಪ್ ಕೊಡುತ್ತದೆ ಎಂದು ಕೇಳಿದೆ. ಅವನು ಪುಟ ತಿರುಗಿಸಿ ಕನ್ಯಾ ರಾಶಿಯ ಫಲ ಓದತೊಡಗಿದ, ಅವನದು ಅದೇ ರಾಶಿ.

ಪುಸ್ತಕದ ಕಟ್ಟಕಡೆಯ ಹಾಳೆಯಲ್ಲಿ ಕಾದಂಬರಿ ಮುಗಿದು “ಮುಗಿಯಿತು” ಎಂಬ ಪದದ ಕೆಳಗೆ ಒಂದು ಚೌಕವಿದೆ: “ಮುಂದಿನ ವಾರದಿಂದ ಹೊಸ ಧಾರಾವಾಹಿ”. ಅದರ ಕೆಳಗಿರಬೇಕಾದ ಹೆಸರನ್ನು ಬೈಂಡಿಂಗ್ ಮಾಡಿದಾತನ ಕತ್ತಿ ಪೂರ್ತಿ ತಿಂದುಹಾಕಿದೆ, ತಲೆಕಟ್ಟು ಕೂಡ ಉಳಿದಿಲ್ಲ. ಯಾವ ಕಾದಂಬರಿ ಅದು ಎಂದು ಅಮ್ಮನನ್ನು ಕೇಳಿದೆ. ಕನ್ನಡಕ ಹಾಕಿಕೊಂಡು ಚೌಕವನ್ನು ಸ್ವಲ್ಪ ಹೊತ್ತು ನೋಡಿ, “ಅದನ್ನ ನಾನು ಕಿತ್ತಿಡಲಿಲ್ಲ. ಮೂರು ವಾರ ಓದಿದೆ, ಚೆನ್ನಾಗಿರಲಿಲ್ಲ” ಎಂದು ಪುಸ್ತಕ ಮುಚ್ಚಿಕೊಟ್ಟಳು.